ಪರ್ಲ್ ಚಾವೆಜ್‌ಳ ಪಕ್ಷ ವಹಿಸಿದ ವಾದ್ಯವೃಂದ

1946ರ ಡಿಸೆಂಬರ್ ಮುಗಿಯುತ್ತ ಬಂದಿತ್ತು. ಎರಡನೆಯ ಮಹಾಯುದ್ಧ ನಿಂತು ವರ್ಷವೊಂದು ಕಳೆದಿತ್ತು. ಯೂರೋಪಿನ ಮಣ್ಣಿನಿಂದಲೂ ಪೆಸಿಫಿಕ್ ದ್ವೀಪಗಳಿಂದಲೂ ಮರಳಿದ ಸೈನಿಕರು ಮನೆ ಸೇರಿದ್ದರು. ಅಮೆರಿಕದ ಚಿತ್ರೋದ್ಯಮ ತನ್ನ ಭಾಗ್ಯದ ಶಿಖರದಲ್ಲಿದ್ದ ಕಾಲ ಅದು. ವಾರವಾರವೂ ಸುಮಾರು 8 ಕೋಟಿ ಮಂದಿ ಚಿತ್ರಮಂದಿರದ ಮೆಟ್ಟಿಲು ಹತ್ತುತ್ತಿದ್ದರು. ಆಸ್ಕರ್ ಸ್ಪರ್ಧೆಯ ಗಡುವು ಮೀರುವ ಮುನ್ನ ತೆರೆ ಕಾಣಲೇಬೇಕೆಂಬ ತರಾತುರಿಯಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಒಂದು ಚಿತ್ರ ಬಿಡುಗಡೆಯಾಯಿತು. ಕಥೆ ಶುರುವಾಗುವುದಕ್ಕೆ ಮೊದಲೇ ಸಭಾಂಗಣವನ್ನು ತುಂಬಿದ್ದು ಒಂದು ದೊಡ್ಡ ವಾದ್ಯವೃಂದ. ಮುನ್ನುಡಿಯಾಗಿ ಒಂದು ಸಂಗೀತ, ಅದರ ಹಿಂದೆಯೇ ಪ್ರಸ್ತಾವನೆಯಾಗಿ ಇನ್ನೊಂದು. ಬಳಿಕ ಆರ್ಸನ್ ವೆಲ್ಸ್‌ನ ಗಂಭೀರ ಕಂಠ, ಮರುಭೂಮಿಯ ಕೆಂಪು ಬಂಡೆ, ಅಲ್ಲಿ ಅರಳುವ ಒಂದು ಕಾಡುಹೂವಿನ ಐತಿಹ್ಯ. ಚಿತ್ರದ ಹೆಸರು ‘ಡ್ಯುಯಲ್ ಇನ್ ದ ಸನ್’. ನಿರ್ಮಾಪಕ ಡೇವಿಡ್ ಓ. ಸೆಲ್ಜ್‌ನಿಕ್. ಸಂಗೀತ ದಿಮಿತ್ರಿ ಟಿಯೊಮ್ಕಿನ್.

ಸೆಲ್ಜ್‌ನಿಕ್‌ನ ಹಂಬಲ ತಿಳಿಯದೆ ಈ ಚಿತ್ರ ಅರ್ಥವಾಗುವುದಿಲ್ಲ. ಆತ ಹುಟ್ಟಿದ್ದು 1902ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ. ತಂದೆ ಲೂಯಿಸ್ ಸೆಲ್ಜ್‌ನಿಕ್ ಮೂಕಿ ಚಿತ್ರಗಳ ಕಾಲದಲ್ಲಿ ಮೆರೆದು, ದಿವಾಳಿಯೆದ್ದು ನೆಲ ಕಚ್ಚಿದ ನಿರ್ಮಾಪಕ. ತಂದೆ ಕಳೆದುಕೊಂಡ ಸಿಂಹಾಸನವನ್ನು ಮಗ ಮರಳಿ ಗೆದ್ದ. 1939ರಲ್ಲಿ ‘ಗಾನ್ ವಿತ್ ದ ವಿಂಡ್’, 1940ರಲ್ಲಿ ‘ರೆಬೆಕಾ’. ಎರಡು ವರ್ಷ ಒಂದರ ಹಿಂದೊಂದರಂತೆ ಶ್ರೇಷ್ಠ ಚಿತ್ರದ ಆಸ್ಕರ್ ಆತನ ಕೈಸೇರಿತು. ಆದರೆ ಆ ಗೆಲುವೇ ಹೆಗಲ ಮೇಲಿನ ಹೊರೆಯಾಯಿತು. ‘ಗಾನ್ ವಿತ್ ದ ವಿಂಡ್’ ಅನ್ನು ಮೀರಿಸುವ ಚಿತ್ರವೊಂದನ್ನು ಮಾಡದೆ ಆತನಿಗೆ ನೆಮ್ಮದಿಯಿರಲಿಲ್ಲ.

ಕಥೆ ಸಿಕ್ಕಿದ್ದು 1944ರಲ್ಲಿ ಪ್ರಕಟವಾದ ನೈವನ್ ಬುಶ್‌ನ ಕಾದಂಬರಿಯಲ್ಲಿ. ಬುಶ್ ಅದನ್ನು ಆರ್‌ಕೆಓ ಸಂಸ್ಥೆಗಾಗಿ ತನ್ನ ಪತ್ನಿ, ನಟಿ ತೆರೆಸಾ ರೈಟ್ ನಾಯಕಿಯಾಗಿ ನಟಿಸುವ ಚಿತ್ರವನ್ನಾಗಿ ತೆಗೆಯಬೇಕೆಂದಿದ್ದ. ಆಕೆ ಗರ್ಭಿಣಿಯಾದಳು. ಸೆಲ್ಜ್‌ನಿಕ್‌ನೊಂದಿಗೆ ಒಪ್ಪಂದದಲ್ಲಿದ್ದ ಜೆನ್ನಿಫರ್ ಜೋನ್ಸ್‌ಳ ಹೆಸರು ಬಂತು. ಕೊನೆಗೆ ಇಡೀ ಯೋಜನೆಯನ್ನೇ ಸೆಲ್ಜ್‌ನಿಕ್ ಕೊಂಡುಕೊಂಡ. ‘ದ ಸಾಂಗ್ ಆಫ್ ಬರ್ನಡೆಟ್’ ಚಿತ್ರದಲ್ಲಿ ಸಂತಳಾಗಿ ನಟಿಸಿ ಆಸ್ಕರ್ ಗೆದ್ದಿದ್ದ ಜೋನ್ಸ್‌ಳನ್ನು ಆತ ಮನಸಾರೆ ಪ್ರೀತಿಸುತ್ತಿದ್ದ. 1949ರಲ್ಲಿ ಅವರಿಬ್ಬರೂ ಮದುವೆಯಾದರು. ಹೀಗೆ ತೆರೆಯ ಮೇಲಿನ ಪ್ರೇಮದ ಉನ್ಮಾದಕ್ಕೆ ತೆರೆಯ ಹಿಂದೆಯೂ ಒಂದು ಬೆಂಕಿ ಉರಿಯುತ್ತಿತ್ತು.

ಕಥೆ ನಡೆಯುವುದು 1880ರ ದಶಕದ ಟೆಕ್ಸಸ್‌ನಲ್ಲಿ. ಆ ನೆಲ ಆಗ ಎರಡು ಯುಗಗಳ ನಡುವಿನ ಹೊಸ್ತಿಲ ಮೇಲೆ ನಿಂತಿತ್ತು. ತಲೆಮಾರುಗಳ ಕಾಲ ಆ ಬಯಲನ್ನು ಆಳಿದ ಕಮಾಂಚಿ ಜನರ ಕೊನೆಯ ಸ್ವತಂತ್ರ ಪಡೆ 1875ರಲ್ಲಿ ಶರಣಾಗಿತ್ತು. ಅವರ ನಾಯಕ ಕ್ವಾನಾ ಪಾರ್ಕರ್ ಕಮಾಂಚಿ ತಂದೆಗೂ ಬಿಳಿಯ ತಾಯಿಗೂ ಹುಟ್ಟಿದವನು. ಗಡಿನಾಡಿನ ರಕ್ತ ಎಂದೋ ಬೆರೆತುಹೋಗಿತ್ತು. ಬೆರೆತದ್ದನ್ನು ಒಪ್ಪಲು ಸಮಾಜ ಮಾತ್ರ ಸಿದ್ಧವಿರಲಿಲ್ಲ. 1874ರಲ್ಲಿ ಜೋಸೆಫ್ ಗ್ಲಿಡನ್ ಪೇಟೆಂಟ್ ಪಡೆದ ಮುಳ್ಳುತಂತಿ ಬಯಲನ್ನು ತುಂಡು ತುಂಡಾಗಿ ಸೀಳಿತು. 1883ರ ಹೊತ್ತಿಗೆ ಬೇಲಿ ಹಾಕುವವರಿಗೂ ಬೇಲಿ ಕತ್ತರಿಸುವವರಿಗೂ ಟೆಕ್ಸಸ್‌ನಲ್ಲಿ ರಕ್ತ ಹರಿಯುವಂಥ ಕಾದಾಟಗಳಾದವು. ದನಗಾಹಿ ದೊರೆಗಳ ಒಡೆತನದ ವಿಸ್ತಾರ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕಿಂಗ್ ರ‍್ಯಾಂಚ್ 8 ಲಕ್ಷ ಎಕರೆ ದಾಟಿದ ಜಮೀನು. ಆಸ್ಟಿನ್‌ನಲ್ಲಿ ರಾಜ್ಯದ ಶಾಸನಭವನ ಕಟ್ಟಿಸಿಕೊಟ್ಟದ್ದಕ್ಕೆ ಸರ್ಕಾರ ಪ್ರತಿಯಾಗಿ ಕೊಟ್ಟ ಎಕ್ಸ್‌ಐಟಿ ರ‍್ಯಾಂಚ್ 30 ಲಕ್ಷ ಎಕರೆಯದು. ಇಂಥ ದೊರೆತನದ ಎದೆಗೆ ನೇರವಾಗಿ ಬರುತ್ತಿತ್ತು ರೈಲು ಹಳಿ. 1890ರ ಜನಗಣತಿಯ ಬಳಿಕ ಗಡಿರೇಖೆಯೆಂಬುದೇ ಉಳಿದಿಲ್ಲವೆಂದು ಸರ್ಕಾರವೇ ಸಾರಿತು.

ಈ ಸಂಧಿಕಾಲದಲ್ಲಿ ಚಿತ್ರದ ನಾಯಕಿ ಪರ್ಲ್ ಚಾವೆಜ್ ಬದುಕುತ್ತಾಳೆ. ತಂದೆ ಕುಲೀನ, ಪತಿತ. ತಾಯಿ ಮೂಲನಿವಾಸಿ ಹೆಣ್ಣು, ಜೂಜುಕಟ್ಟೆಯ ನರ್ತಕಿ. ಹೆಂಡತಿಯನ್ನೂ ಆಕೆಯ ಪ್ರಿಯಕರನನ್ನೂ ಕೊಂದ ತಂದೆ ನೇಣುಗಂಬ ಏರುತ್ತಾನೆ. ಏರುವ ಮುನ್ನ ಮಗಳನ್ನು ತಾನು ಹಿಂದೊಮ್ಮೆ ಪ್ರೀತಿಸಿದ್ದ ಲಾರಾ ಬೆಲ್‌ಳ ಮಡಿಲಿಗೆ ಕಳಿಸುತ್ತಾನೆ. ಲಾರಾ ಬೆಲ್ ಈಗ ಹತ್ತು ಲಕ್ಷ ಎಕರೆಯ ‘ಸ್ಪ್ಯಾನಿಷ್ ಬಿಟ್’ ಜಮೀನಿನ ಒಡತಿ, ಸೆನೆಟರ್ ಮೆಕ್‌ಕ್ಯಾನ್ಲೆಸ್‌ನ ಪತ್ನಿ. ಗಾಲಿಕುರ್ಚಿಗೆ ಬಿದ್ದ ಆ ಮುದಿ ದೊರೆ ಪರ್ಲ್‌ಳ ಮೈಬಣ್ಣ ಕಂಡ ಗಳಿಗೆಯಿಂದಲೇ ಹಂಗಿಸುತ್ತಾನೆ. ಆತನಿಗೆ ಇಬ್ಬರು ಮಕ್ಕಳು. ಹಿರಿಯ ಜೆಸ್ಸಿ ಓದಿದವನು, ವಕೀಲ, ನ್ಯಾಯವಂತ. ಕಿರಿಯ ಲ್ಯೂಟ್ ಅಪ್ಪನ ಮುದ್ದಿನಲ್ಲಿ ಕೆಟ್ಟವನು, ಕುದುರೆಗೂ ಹೆಣ್ಣಿಗೂ ಒಂದೇ ಕಡಿವಾಣ ಹಾಕಬಲ್ಲೆನೆಂದು ನಂಬಿದವನು.

ಪರ್ಲ್‌ಳಿಗೆ ಬೇಕಾದದ್ದು ಲಾರಾ ಬೆಲ್‌ಳಂಥ ಗೌರವದ ಬಾಳು. ದೊರೆತದ್ದು ಲ್ಯೂಟ್‌ನ ಬಲಾತ್ಕಾರ ಮತ್ತು ಅದರೊಡನೆ ಹೆಣೆದುಕೊಂಡ, ತನಗೇ ಅರ್ಥವಾಗದ ಮೋಹ. ರೈಲ್ವೆಯ ಪಕ್ಷ ವಹಿಸಿದ ಜೆಸ್ಸಿಯನ್ನು ತಂದೆ ಮನೆಯಿಂದ ಹೊರಗಟ್ಟುತ್ತಾನೆ. ಲ್ಯೂಟ್ ಮದುವೆಗೆ ಒಲ್ಲೆನೆನ್ನುತ್ತಾನೆ, ಆಕೆಯನ್ನು ಮದುವೆಯಾಗಲು ಮುಂದೆ ಬಂದ ಸಜ್ಜನ ಸ್ಯಾಮ್ ಪಿಯರ್ಸ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ರೈಲನ್ನು ಹಳಿ ತಪ್ಪಿಸುತ್ತಾನೆ. ಕೈಯಲ್ಲಿ ಆಯುಧವಿಲ್ಲದ ಅಣ್ಣನ ಮೇಲೂ ಗುಂಡು ಹಾರಿಸುತ್ತಾನೆ. ಜೆಸ್ಸಿ ಬದುಕುಳಿಯುತ್ತಾನೆ, ಆದರೆ ಲ್ಯೂಟ್ ಇರುವವರೆಗೂ ಆತನಿಗೆ ಉಳಿವಿಲ್ಲವೆಂದು ಪರ್ಲ್ ಅರಿಯುತ್ತಾಳೆ. ಬಂದೂಕು ಹಿಡಿದು ಕುದುರೆಯೇರಿ ಸುಡುಬಿಸಿಲಿನ ಬಂಡೆಗಳತ್ತ ಹೊರಡುತ್ತಾಳೆ. ಅಲ್ಲಿ ಅವಳ ಗುಂಡು ಅವನಿಗೆ, ಅವನ ಗುಂಡು ಅವಳಿಗೆ. ಸಾಯುತ್ತಿರುವ ಅವನು ಅವಳ ಹೆಸರು ಹಿಡಿದು ಕೂಗುತ್ತಾನೆ. ರಕ್ತ ಸುರಿಸುತ್ತ, ಬಂಡೆಗಳ ಮೇಲೆ ತೆವಳುತ್ತ ಅವಳು ಅವನನ್ನು ತಲುಪುತ್ತಾಳೆ. ಅಪ್ಪುಗೆಯಲ್ಲಿ ಇಬ್ಬರ ಉಸಿರೂ ನಿಲ್ಲುತ್ತದೆ.

ಈ ಕಥೆಗೆ ಸೆಲ್ಜ್‌ನಿಕ್ ಕರೆತಂದ ಕಲಾವಿದರ ದಂಡು ಒಂದು ಚಿತ್ರಚರಿತ್ರೆಯಂತಿತ್ತು. ನಿರ್ದೇಶಕ ಗ್ರಿಫಿತ್‌ನ ಮೂಕಿ ಚಿತ್ರಗಳ ಅಧಿದೇವತೆಯಾಗಿದ್ದ ಲಿಲಿಯನ್ ಗಿಷ್ ಲಾರಾ ಬೆಲ್ ಆದಳು. ಅದೇ ಯುಗದ ಲಯನೆಲ್ ಬ್ಯಾರಿಮೋರ್ ಸೆನೆಟರ್ ಆದ. ಹೊಸ ತಲೆಮಾರಿನ ಗ್ರೆಗರಿ ಪೆಕ್ ಕಿರಿಯ ಮಗ, ಜೋಸೆಫ್ ಕಾಟನ್ ಹಿರಿಯ ಮಗ. ಸಾಧುಪಾತ್ರಗಳಿಂದ ಹೆಸರಾಗುತ್ತಿದ್ದ ಪೆಕ್ ಇಲ್ಲಿ ಕ್ರೂರಿ. ಸಂತಳಾಗಿ ಗೆದ್ದ ಜೋನ್ಸ್ ಇಲ್ಲಿ ಲೋಕ ಪಾಪಿಯೆಂದು ಕರೆದ ಹೆಣ್ಣು. ಚಿತ್ರೀಕರಣದ ಬಹುಭಾಗ ಅರಿಜೋನಾದ ಟ್ಯೂಸಾನ್ ಸುತ್ತಲಿನ ಮರುಭೂಮಿಯಲ್ಲಿ ನಡೆಯಿತು. ಲೀ ಗಾರ್ಮ್ಸ್, ಹಾಲ್ ರಾಸನ್, ರೇ ರೆನಹನ್ ಎಂಬ ಮೂವರು ಛಾಯಾಗ್ರಾಹಕರು ಟೆಕ್ನಿಕಲರ್‌ನ ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಆಕಾಶವನ್ನೇ ಹೊತ್ತಿಸಿದರು.

ನಿರ್ದೇಶಕ ಕಿಂಗ್ ವಿಡೋರ್ ಟೆಕ್ಸಸ್‌ನ ಮಗ. 1894ರಲ್ಲಿ ಗ್ಯಾಲ್ವೆಸ್ಟನ್‌ನಲ್ಲಿ ಹುಟ್ಟಿ, ‘ದ ಬಿಗ್ ಪರೇಡ್’, ‘ದ ಕ್ರೌಡ್’ನಂಥ ಚಿತ್ರಗಳಿಂದ ಕೀರ್ತಿ ಗಳಿಸಿದ್ದ. ಆತನಿಗೆ ಬೇಕಿದ್ದದ್ದು ಬಿಗಿಯಾದ, ಚಿಕ್ಕದಾದ ಒಂದು ಗಡಿನಾಡ ದುರಂತ. ಸೆಲ್ಜ್‌ನಿಕ್‌ಗೆ ಬೇಕಿದ್ದದ್ದು ಮಹಾಕಾವ್ಯ. ನಿರ್ಮಾಪಕ ಪ್ರತಿದಿನ ಸಂಭಾಷಣೆ ತಿದ್ದಿದ, ಉದ್ದುದ್ದ ಟಿಪ್ಪಣಿ ಬರೆದು ಕಳಿಸಿದ, ಚಿತ್ರೀಕರಣದ ಸ್ಥಳಕ್ಕೇ ಬಂದು ಎಲ್ಲರೆದುರು ಅಡ್ಡಬಾಯಿ ಹಾಕಿದ. 1945ರಲ್ಲಿ ಹಾಲಿವುಡ್ ಕಾರ್ಮಿಕರ ದೊಡ್ಡ ಮುಷ್ಕರವೂ ಬಂತು. ಅದೇ ವರ್ಷ ವಿಡೋರ್ ತಾಳ್ಮೆ ಕಳೆದುಕೊಂಡು ಚಿತ್ರ ಬಿಟ್ಟು ನಡೆದ. ವಿಲಿಯಂ ಡೀಟರ್ಲೆ ಉಳಿದದ್ದನ್ನು ಮುಗಿಸಿದ. ಜೋಸೆಫ್ ಫಾನ್ ಸ್ಟರ್ನ್‌ಬರ್ಗ್, ವಿಲಿಯಂ ಕ್ಯಾಮರನ್ ಮೆಂಝೀಸ್, ಆಟೊ ಬ್ರೋವರ್ ಮೊದಲಾದವರ ಕೈಗಳೂ ಚಿತ್ರದಲ್ಲಿ ಸೇರಿದವು. ತೆರೆಯ ಮೇಲೆ ನಿರ್ದೇಶಕನೆಂಬ ಹೆಸರು ಮಾತ್ರ ವಿಡೋರ್ ಒಬ್ಬನದೇ ಉಳಿಯಿತು.

ಹತ್ತು ಕೈಗಳು ಕಟ್ಟಿದ ಈ ಕಟ್ಟಡ ಕುಸಿಯದೆ ನಿಂತದ್ದು ಹೇಗೆ? ಅದನ್ನು ಒಂದುಗೂಡಿಸಿದ ಗಾರೆ ಸಂಗೀತವೆಂದೇ ನನ್ನ ನಂಬಿಕೆ. ದೃಶ್ಯದಿಂದ ದೃಶ್ಯಕ್ಕೆ ನಿರ್ದೇಶಕ ಬದಲಾದರೂ ಸ್ವರ ಹಾಕಿದವನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ.

ದಿಮಿತ್ರಿ ಟಿಯೊಮ್ಕಿನ್ ಹುಟ್ಟಿದ್ದೂ ವಿಡೋರ್ ಹುಟ್ಟಿದ 1894ರಲ್ಲೇ. ಊರು ಈಗಿನ ಉಕ್ರೇನ್‌ನ ಕ್ರೆಮೆನ್‌ಚುಕ್. ಆಗ ರಷ್ಯಾದ ಸಾಮ್ರಾಜ್ಯಕ್ಕೆ ಸೇರಿದ್ದು. ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ವಿದ್ಯಾಲಯದಲ್ಲಿ, ಅಲೆಗ್ಸಾಂಡರ್ ಗ್ಲಾಝುನೋವ್ ಮುಖ್ಯಸ್ಥನಾಗಿದ್ದ ದಿನಗಳಲ್ಲಿ, ಆತ ಪಿಯಾನೊ ಮತ್ತು ಸ್ವರಸಂಯೋಜನೆ ಕಲಿತ. ಹೊಟ್ಟೆಪಾಡಿಗೆ ಮೂಕಿ ಚಿತ್ರಗಳ ತೆರೆಯ ಮುಂದೆ ಕುಳಿತು ಪಿಯಾನೊ ನುಡಿಸಿದ. ಕ್ರಾಂತಿಯ ಬಳಿಕ ಬರ್ಲಿನ್‌ಗೆ ಬಂದು ಪಿಯಾನೊ ವಾದಕ ಬೂಸೋನಿಯ ಬಳಿ ಅಭ್ಯಾಸ ಮಾಡಿದ. 1925ರಲ್ಲಿ ಅಮೆರಿಕ ಸೇರಿದ. ಅಲ್ಲಿ ನೃತ್ಯಕಲಾವಿದೆ ಆಲ್ಬರ್ಟಿನಾ ರಾಶ್ ಬಾಳಸಂಗಾತಿಯಾದಳು. ಸ್ವರಸಂಯೋಜಕ ಗರ್ಶ್ವಿನ್‌ನ ಪಿಯಾನೊ ಕಾಂಚೆರ್ಟೊವನ್ನು 1928ರಲ್ಲಿ ಯೂರೋಪಿಗೆ ಮೊದಲ ಬಾರಿ ಪ್ಯಾರಿಸ್‌ನಲ್ಲಿ ಕೇಳಿಸಿದವನೂ ಈತನೇ. 1937ರಲ್ಲಿ ತೋಳು ಮುರಿದು ಕಛೇರಿಯ ಬದುಕು ನಿಂತಿತು. ಅದೇ ವರ್ಷ ಫ್ರಾಂಕ್ ಕಾಪ್ರಾನ ‘ಲಾಸ್ಟ್ ಹೊರೈಝನ್’ ಆತನನ್ನು ಚಿತ್ರಸಂಗೀತದ ಮೊದಲ ಸಾಲಿಗೆ ತಂದಿತು.

ರಷ್ಯಾದ ಬಯಲಲ್ಲಿ ಬೆಳೆದವನು ಅಮೆರಿಕದ ಗಡಿನಾಡಿನ ಸ್ವರ ಹಿಡಿದದ್ದು ಹಲವರಿಗೆ ಸೋಜಿಗ. ಆತನಿಗೆ ಅದು ಸೋಜಿಗವಾಗಿರಲಿಲ್ಲ. ಕುದುರೆ, ಜಾನುವಾರು, ದಿಗಂತದವರೆಗೆ ಹುಲ್ಲು, ಒಂಟಿ ಮನುಷ್ಯ: ಎರಡು ಬಯಲಿಗೂ ಅಷ್ಟೇ ಬಂಡವಾಳ. ಬೊರೊಡಿನ್, ಚೈಕೋವ್‌ಸ್ಕಿಯಂಥವರು ಹುಲ್ಲುಗಾವಲಿನ ವಿಸ್ತಾರಕ್ಕೆ ಕಂಡುಕೊಂಡಿದ್ದ ಸ್ವರಭಾಷೆ ಆತನ ರಕ್ತದಲ್ಲಿತ್ತು. ಅದನ್ನು ಟೆಕ್ಸಸ್‌ನ ಮಣ್ಣಿನಲ್ಲಿ ಬಿತ್ತಿದ.

ಸೆಲ್ಜ್‌ನಿಕ್ ಈ ಸಂಗೀತಕ್ಕೂ ಟಿಪ್ಪಣಿ ಬರೆದ. ಸ್ಪ್ಯಾನಿಷ್ ಛಾಯೆಗೊಂದು, ಜಮೀನಿಗೊಂದು, ಪವಿತ್ರ ಪ್ರೀತಿಗೊಂದು, ದೇಹದ ದಾಹಕ್ಕೆ ಬೇರೆಯೇ ಒಂದು ಎಂದು ವಿಷಯಸ್ವರಗಳನ್ನು ಪಟ್ಟಿ ಮಾಡಿ ಕೇಳಿದ. ಶೃಂಗಾರದ ಭಾಗವನ್ನು ಮತ್ತೆ ಮತ್ತೆ ತಿರುಗಿ ಬರೆಸಿದ; ಸೊಗಸಾಗಿದೆ, ಆದರೆ ಉನ್ಮಾದವಿಲ್ಲ ಎಂದ. ಟಿಯೊಮ್ಕಿನ್ ಕೊನೆಗೆ ಕೆರಳಿ, ಪ್ರೇಮಿಸುವ ರೀತಿ ನಿಮ್ಮದು ನಿಮಗೆ, ನನ್ನದು ನನಗೆ, ನನ್ನ ಪಾಲಿಗೆ ಇದೇ ಪ್ರೇಮ ಎಂಬರ್ಥದ ಉತ್ತರ ಕೊಟ್ಟನಂತೆ. ಈ ಪ್ರಸಂಗವನ್ನು 1959ರ ತನ್ನ ಆತ್ಮಕಥೆಯಲ್ಲಿ ಆತನೇ ಹೇಳಿಕೊಂಡಿದ್ದಾನೆ. ತಿದ್ದಲು ಕೈಯೆತ್ತಿದ ದೊರೆಯೆದುರು ಕಲಾವಿದನೊಬ್ಬ ತನ್ನ ರಸಪ್ರಜ್ಞೆಯನ್ನು ಬಿಟ್ಟುಕೊಡಲಿಲ್ಲ. ಆ ಹಟದ ಫಲ ನಮಗೆ ಉಳಿದಿದೆ.

ಆ ಸಂಗೀತವನ್ನು ಕಿವಿಗೊಟ್ಟು ಕೇಳಿ. ಚಿತ್ರದ ಆರಂಭದಲ್ಲಿ ಜೂಜುಕಟ್ಟೆಯೊಳಗೆ ಪರ್ಲ್‌ಳ ತಾಯಿ ಕುಣಿಯುತ್ತಾಳೆ. ಟಿಲಿ ಲಾಷ್‌ಳ ಆ ನರ್ತನಕ್ಕೆ ಹೊಂದಿದ ಸಂಗೀತ ಕಾವೇರುತ್ತ ಗಂಡಸರ ಗದ್ದಲವನ್ನು ಮೀರುತ್ತದೆ. ಹೊರಗೆ ಬೀದಿಯಲ್ಲಿ ಮಕ್ಕಳ ನಡುವೆ ಮಗಳೂ ಕುಣಿಯುತ್ತಿದ್ದಾಳೆ. ತಾಯಿಯ ವಿಧಿ ಮಗಳ ಕಾಲಿಗೆ ಸುತ್ತಿಕೊಳ್ಳುತ್ತಿದೆ ಎಂಬುದು ಮಾತಿಗಿಂತ ಮೊದಲು ಲಯದಲ್ಲಿ ತಿಳಿಯುತ್ತದೆ. ಲಾರಾ ಬೆಲ್ ಪಿಯಾನೊ ಮುಂದೆ ಕುಳಿತಾಗ ಕೇಳುವುದು ಸ್ಟೀಫನ್ ಫಾಸ್ಟರ್‌ನ ಹಳೆಯ ಗೀತೆ. ತೋಪುಗಳೂ ಭವ್ಯಗೃಹಗಳೂ ಇದ್ದ ಒಂದು ದಕ್ಷಿಣದ ನೆನಪು ಅದು. ಪರ್ಲ್ ಸೇರಬಯಸಿದ, ಸೇರಲಾಗದ ಲೋಕದ ದನಿ.

ಸಂಗೀತದ ಶಿಖರ ಬರುವುದು ಸವಾರರ ಕೂಟದಲ್ಲಿ. ರೈಲ್ವೆ ಕೆಲಸಗಾರರು ಬೇಲಿಯ ಬಳಿ ಬಂದರೆಂಬ ಸುದ್ದಿ ಬರುತ್ತಲೇ ಸೆನೆಟರ್ ಆಳುಗಳನ್ನು ಕರೆಸುತ್ತಾನೆ. ಗಂಟೆ ಮೊಳಗುತ್ತದೆ. ದಿಣ್ಣೆಗಳ ಮೇಲಿಂದ, ಕಣಿವೆಗಳಿಂದ ಸವಾರರ ಗುಂಪುಗಳು ಹೊಳೆಗೆ ಹಳ್ಳಗಳು ಸೇರುವಂತೆ ಸೇರುತ್ತ ಹೋಗುತ್ತವೆ. ವಾದ್ಯವೃಂದವೂ ಹಾಗೆಯೇ ಬೆಳೆಯುತ್ತದೆ: ಗಂಟೆಯ ನಾದದ ಮೇಲೆ ಗೊರಸಿನ ಲಯ, ಅದರ ಮೇಲೆ ತಂತಿವಾದ್ಯಗಳ ಓಟ, ಕೊನೆಗೆ ಕಹಳೆಗಳ ಘರ್ಜನೆ. ಇಷ್ಟೆಲ್ಲ ಆದ ಮೇಲೆ ಬೇಲಿಯ ಆಚೆ ಸರ್ಕಾರದ ಅಶ್ವದಳ ತನ್ನ ಧ್ವಜದೊಡನೆ ಬಂದು ನಿಲ್ಲುತ್ತದೆ. ತಾನು ಸೇವೆ ಸಲ್ಲಿಸಿದ ಆ ಧ್ವಜದ ಮೇಲೆ ಗುಂಡು ಹಾರಿಸಲು ಮುದುಕನಿಗೆ ಮನಸ್ಸಾಗುವುದಿಲ್ಲ. ಹಿಂದಿರುಗುತ್ತಾನೆ. ಒಂದು ಯುಗ ಸೋತದ್ದನ್ನು ಹೇಳಲು ಒಂದು ಗುಂಡೂ ಬೇಕಾಗಲಿಲ್ಲ; ಅಷ್ಟು ಎತ್ತರಕ್ಕೆ ಏರಿದ ಸಂಗೀತ ಇಳಿದುದೇ ಸಾಕಾಯಿತು.

ಕೊನೆಯ ಬಂಡೆಗಳ ದೃಶ್ಯದಲ್ಲಿ ಮಾತು ಬಹುಪಾಲು ಹಿಂದೆ ಸರಿಯುತ್ತದೆ. ಕಾದಾಟದ ಕರ್ಕಶ ಸ್ವರಗಳೂ ಪ್ರೇಮದ ಸ್ವರವೂ ಒಂದನ್ನೊಂದು ಇರಿಯುತ್ತ, ತಬ್ಬುತ್ತ ನಡೆಯುತ್ತವೆ. ರೌದ್ರದ ಒಡಲಲ್ಲೇ ಶೃಂಗಾರ, ಎರಡೂ ಕರಗಿ ಕರುಣ. ಜೋನ್ಸ್ ಆ ಕಲ್ಲುಗಳ ಮೇಲೆ ನಿಜವಾಗಿಯೇ ತೆವಳಿದಳು, ಮೈಯೆಲ್ಲ ತರಚಿತು. ತೆರೆಯ ಮೇಲೆ ಕಾಣುವುದು ಪಾಪಿಗಳಿಗಾದ ಶಿಕ್ಷೆ. ಹಾಲಿವುಡ್‌ನ ಅಂದಿನ ನೀತಿಸಂಹಿತೆ ಪಾಪಕ್ಕೆ ದಂಡನೆ ಇಲ್ಲದೆ ಚಿತ್ರಕ್ಕೆ ಅನುಮತಿ ಕೊಡುತ್ತಿರಲಿಲ್ಲ. ಆದರೆ ಕೇಳುವುದು ಶಿಕ್ಷೆಯ ಸಂಗೀತವಲ್ಲ, ಶೋಕದ ಸಂಗೀತ. ತೆರೆ ಆಕೆಯನ್ನು ದಂಡಿಸಿದ ಕ್ಷಣದಲ್ಲೇ ವಾದ್ಯವೃಂದ ಆಕೆಗಾಗಿ ಅಳುತ್ತದೆ.

ಶಿಕ್ಷೆ ಅಷ್ಟು ಕಠೋರವಾಗಿದ್ದರೂ ನೀತಿಯ ಕಾವಲುಗಾರರು ತೃಪ್ತರಾಗಲಿಲ್ಲ. ಲಾಸ್ ಏಂಜಲೀಸ್‌ನ ಆರ್ಚ್‌ಬಿಷಪ್ ಜಾನ್ ಕ್ಯಾಂಟ್‌ವೆಲ್ ಕ್ಯಾಥೊಲಿಕ್ ಭಕ್ತರಿಗೆ ಚಿತ್ರ ನೋಡಬಾರದೆಂದು ಎಚ್ಚರಿಸಿದ. ಮೆಂಫಿಸ್ ನಗರದ ಸೆನ್ಸಾರ್ ಮುಖ್ಯಸ್ಥ ಲಾಯ್ಡ್ ಬಿನ್‌ಫರ್ಡ್ ಪ್ರದರ್ಶನವನ್ನೇ ನಿಷೇಧಿಸಿದ. ಧೂಳಿನಲ್ಲಿ ಹೊರಳಿದ ಕಾಮವೆಂಬ ಅರ್ಥದ ಅಡ್ಡಹೆಸರೊಂದು ಚಿತ್ರಕ್ಕೆ ಅಂಟಿಕೊಂಡಿತು. ಸೆಲ್ಜ್‌ನಿಕ್ ಕೆಲವು ದೃಶ್ಯಗಳಿಗೆ ಕತ್ತರಿ ಹಾಕಿ ಚಿತ್ರವನ್ನು ಉಳಿಸಿಕೊಂಡ. ವಿಮರ್ಶಕರು ಹೀಗಳೆದರು, ಜನ ಮುಗಿಬಿದ್ದರು.

ಹಣದ ಲೆಕ್ಕದಲ್ಲೂ ಈ ಚಿತ್ರ ಹೊಸ ದಾರಿ ತುಳಿಯಿತು. ತಯಾರಿಕೆಯ ವೆಚ್ಚ 50 ಲಕ್ಷ ಡಾಲರ್ ದಾಟಿತ್ತು. ಪ್ರಚಾರಕ್ಕೇ ಸುಮಾರು 20 ಲಕ್ಷ ಡಾಲರ್ ಸುರಿಯಲಾಯಿತು. ಯುನೈಟೆಡ್ ಆರ್ಟಿಸ್ಟ್ಸ್‌ನೊಂದಿಗೆ ಮನಸ್ತಾಪವಾಗಿ ಸೆಲ್ಜ್‌ನಿಕ್ ತನ್ನದೇ ವಿತರಣಾ ಸಂಸ್ಥೆ ಕಟ್ಟಿದ್ದ. ದೊಡ್ಡ ಚಿತ್ರಗಳನ್ನು ಮೊದಲು ಒಂದೆರಡು ಮಂದಿರಗಳಲ್ಲಿ ತಿಂಗಳುಗಟ್ಟಲೆ ಓಡಿಸಿ ನಿಧಾನವಾಗಿ ಹರಡುವುದು ಆಗಿನ ಪದ್ಧತಿ. 1947ರ ಮೇ ತಿಂಗಳಲ್ಲಿ ಆತ ಅದನ್ನು ಮುರಿದು, ಒಂದೊಂದು ಪಟ್ಟಣದಲ್ಲೂ ಹಲವು ಮಂದಿರಗಳಲ್ಲಿ ಏಕಕಾಲಕ್ಕೆ ಚಿತ್ರ ಬಿಡುಗಡೆ ಮಾಡಿದ. ಇಂದು ಎಲ್ಲ ದೇಶಗಳ ಚಿತ್ರೋದ್ಯಮವೂ ಅನುಸರಿಸುವ ಪದ್ಧತಿಗೆ ಅದು ಮುನ್ಸೂಚನೆ. ಸಂಗೀತವನ್ನೂ ಆತ ಬಿಡಿಯಾಗಿ ಜನರ ಮನೆಗೆ ಮುಟ್ಟಿಸಿದ. ಆರ್ಥರ್ ಫೀಡ್ಲರ್‌ನ ನೇತೃತ್ವದಲ್ಲಿ ಬಾಸ್ಟನ್ ಪಾಪ್ಸ್ ವಾದ್ಯವೃಂದ ನುಡಿಸಿದ ಭಾಗಗಳು ಆರ್‌ಸಿಎ ವಿಕ್ಟರ್ ಧ್ವನಿಮುದ್ರಿಕೆಗಳಾಗಿ ಬಂದವು. ಚಿತ್ರಸಂಗೀತಕ್ಕೆ ಇಂಥ ಮನ್ನಣೆ ಆ ಕಾಲದಲ್ಲಿ ವಿರಳ. ಜೋನ್ಸ್‌ಗೂ ಗಿಷ್‌ಗೂ ಆಸ್ಕರ್ ನಾಮನಿರ್ದೇಶನ ದೊರೆಯಿತು. ಸಂಗೀತದ ನಾಮನಿರ್ದೇಶನದ ಪಟ್ಟಿಯಲ್ಲಿ ಈ ಕೃತಿ ಇರಲಿಲ್ಲ.

ಆಮೇಲೆ ಇಳಿಗಾಲ ಬೇಗ ಬಂತು. 1948ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಯಾರಮೌಂಟ್ ಪ್ರಕರಣದ ತೀರ್ಪು ಕೊಟ್ಟು, ಸ್ಟುಡಿಯೊಗಳು ಚಿತ್ರಮಂದಿರಗಳ ಒಡೆತನ ಬಿಡಬೇಕಾಗುವಂತೆ ಮಾಡಿತು. ಮನೆಮನೆಗೆ ಟೆಲಿವಿಷನ್ ಬಂತು. ಜೋನ್ಸ್ ಮತ್ತು ಕಾಟನ್ ನಟಿಸಿದ, ಟಿಯೊಮ್ಕಿನ್ ಸಂಗೀತವಿದ್ದ ಸೆಲ್ಜ್‌ನಿಕ್‌ನ ‘ಪೋರ್ಟ್ರೇಟ್ ಆಫ್ ಜೆನ್ನಿ’ ಸೋತಿತು. 1957ರ ‘ಎ ಫೇರ್‌ವೆಲ್ ಟು ಆರ್ಮ್ಸ್’ ಆತನ ಕೊನೆಯ ಚಿತ್ರವಾಯಿತು. 1965ರಲ್ಲಿ ಆತ ತೀರಿಕೊಂಡ.

ಟಿಯೊಮ್ಕಿನ್‌ನ ದಾರಿ ಬೇರೆಯಾಯಿತು. 1952ರ ‘ಹೈ ನೂನ್’ ಚಿತ್ರಕ್ಕೆ ಆತ ಟೆಕ್ಸ್ ರಿಟ್ಟರ್‌ನ ಒಂಟಿ ಕಂಠದಿಂದ ಸರಳವಾದೊಂದು ಹಾಡು ಹಾಡಿಸಿದ. ಆ ಹಾಡಿಗೂ ಹಿನ್ನೆಲೆ ಸಂಗೀತಕ್ಕೂ ಎರಡು ಆಸ್ಕರ್ ಬಂದವು. ಬಳಿಕ ನಿರ್ಮಾಪಕರೆಲ್ಲ ವಾದ್ಯವೃಂದಕ್ಕಿಂತ ಮಾರಾಟವಾಗುವ ಹಾಡಿನ ಬೆನ್ನು ಹತ್ತಿದರು. ಮಹಾವಾದ್ಯವೃಂದದ ಗಡಿನಾಡ ಸಂಗೀತವನ್ನು ಶಿಖರಕ್ಕೇರಿಸಿದವನ ಕೈಯಿಂದಲೇ ಅದರ ಇಳಿತವೂ ಶುರುವಾಯಿತು. ‘ಜೈಂಟ್’, ‘ದ ಅಲಾಮೊ’ ಚಿತ್ರಗಳಲ್ಲಿ ಆತ ಹಳೆಯ ವೈಭವಕ್ಕೆ ಮರಳಿದ. 1979ರಲ್ಲಿ ಲಂಡನ್‌ನಲ್ಲಿ ನಿಧನನಾದ.

ಚಿತ್ರದ ದೋಷಗಳನ್ನು ಮುಚ್ಚಿಡಬೇಕಿಲ್ಲ. ಮಿಶ್ರರಕ್ತದ ಹೆಣ್ಣಿನ ಪಾತ್ರವನ್ನು ಬಿಳಿಯ ನಟಿಯ ಮೈಗೆ ಕಂದುಬಣ್ಣ ಬಳಿದು ಆಡಿಸಲಾಯಿತು. ಬಟರ್‌ಫ್ಲೈ ಮೆಕ್‌ಕ್ವೀನ್ ನಟಿಸಿದ ಕಪ್ಪು ಸೇವಕಿಯನ್ನು ನಗೆಪಾಟಲು ಮಾಡಲಾಯಿತು. ತಾಯಿಯ ರಕ್ತವೇ ಮಗಳ ಪತನಕ್ಕೆ ಕಾರಣವೆಂಬ ಸೂಚನೆ ಕಥೆಯ ತುಂಬ ಹರಡಿದೆ. ಲ್ಯೂಟ್‌ನ ಬಲಾತ್ಕಾರವನ್ನು ಪ್ರೇಮದ ಮೊದಲ ಹೆಜ್ಜೆಯಂತೆ ತೋರಿಸಿದ್ದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಈ ಚಿತ್ರವನ್ನು ಮೆಚ್ಚುವವರು ಇದನ್ನೆಲ್ಲ ಒಪ್ಪಿಕೊಂಡೇ ಮೆಚ್ಚಬೇಕು.

ಆದರೂ ಅದು ಅಳಿಯಲಿಲ್ಲ. ಎಳೆಯ ಬಾಲಕನಾಗಿದ್ದಾಗ ತಾಯಿಯೊಡನೆ ಈ ಚಿತ್ರಕ್ಕೆ ಹೋಗಿ, ಕೊನೆಯ ದೃಶ್ಯಕ್ಕೆ ಕಣ್ಣು ಮುಚ್ಚಿಕೊಂಡವನು ಮುಂದೆ ಮಾರ್ಟಿನ್ ಸ್ಕಾರ್ಸೇಸಿ ಎಂಬ ನಿರ್ದೇಶಕನಾದ. ಅಮೆರಿಕದ ಚಿತ್ರಗಳ ಬಗ್ಗೆ 1995ರಲ್ಲಿ ತಾನು ಮಾಡಿದ ಸಾಕ್ಷ್ಯಚಿತ್ರದಲ್ಲಿ ಆತ ಆ ಅನುಭವವನ್ನು ಗೌರವದಿಂದ ನೆನೆದಿದ್ದಾನೆ. ಟಿಯೊಮ್ಕಿನ್‌ನ ಸಂಗೀತವನ್ನು ನಮ್ಮ ಕಾಲದಲ್ಲಿ ಪ್ರಾಗ್ ನಗರದ ಫಿಲ್‌ಹಾರ್ಮೊನಿಕ್ ವಾದ್ಯವೃಂದ ನಿಕ್ ರೇನ್‌ನ ನಿರ್ದೇಶನದಲ್ಲಿ ಹೊಸದಾಗಿ ನುಡಿಸಿ ಧ್ವನಿಮುದ್ರಿಸಿದೆ.

ಚಿತ್ರ ನೋಡುವ ಅವಕಾಶ ಸಿಕ್ಕವರು ಒಮ್ಮೆ ಕಥೆಗಾಗಿ ನೋಡಲಿ, ಇನ್ನೊಮ್ಮೆ ಸಂಗೀತಕ್ಕಾಗಿ ಕೇಳಲಿ. ಸೆನೆಟರ್ ಆಕೆಯ ಬಣ್ಣವನ್ನು ಹಳಿದ, ಲ್ಯೂಟ್ ಆಕೆಯ ದೇಹವನ್ನು ಕಸಿದ, ನೀತಿಸಂಹಿತೆ ಆಕೆಯ ಪ್ರಾಣವನ್ನು ಕೇಳಿತು, ಸೆಲ್ಜ್‌ನಿಕ್‌ನ ಕಥೆ ಅದನ್ನು ಕೊಟ್ಟಿತು. ಇಡೀ ಚಿತ್ರದಲ್ಲಿ ಪರ್ಲ್ ಚಾವೆಜ್‌ಳನ್ನು ಎಲ್ಲೂ ಹೀಯಾಳಿಸದೆ, ಆಕೆಯ ಆಸೆಯನ್ನೂ ಅವಮಾನವನ್ನೂ ಸಮನಾದ ಘನತೆಯಿಂದ ಕಂಡದ್ದು ಟಿಯೊಮ್ಕಿನ್‌ನ ವಾದ್ಯವೃಂದ ಒಂದೇ. ಆ ಚಿತ್ರದ ಅತ್ಯಂತ ನ್ಯಾಯವಂತ ಪಾತ್ರ ಅದು.